ಲಿಂಡನ್ ಮರಕ್ಕೊಂದು ಕಟ್ಟೆ

ಡಬ್ಲಿನ್
ಕ್ಯಾಲಿಫೋರ್ನಿಯಾ, 11 ಏಪ್ರಿಲ್ 1999

ಮಹಮೂದಾ,

ಫೋನ್ ಮಾಡೋಣವೆಂದರೆ ನಮ್ಮ ಮನೆಯ ಲೈನು ಸದಾ ಇಂಟರ್‌ನೆಟ್ಟಿನ ವಶ. ಮಗ ಮಧುಕರ ಆಫೀಸಿನಿಂದ ಮನೆಗೆ ಬಂದರೂ ಆಫೀಸು ಅವನನ್ನು ಬಿಡುವುದಿಲ್ಲ. ರಿಸೀವರ್ ಎತ್ತಿದರೆ ಮೊದಲು ಫೋನು ಕಿರುಚುತ್ತದೆ, ಆಮೇಲೆ ಇಂಟರ್‌ನೆಟ್ ಕಡಿಯಿತೆಂದು ಮಗ ಕಿರುಚುತ್ತಾನೆ. ಅದಕ್ಕೇ ಈ ಕಾಗದ. ಮಂಡ್ಯದ ಸ್ಕೂಲಿನಲ್ಲಿ ಇಬ್ಬರೂ ಅಷ್ಟು ವರ್ಷ ಕಾಪಿ ತಿದ್ದಿದ ಕೈಗಳು, ಕನ್ನಡ ಬರೆಯುವುದನ್ನು ಇನ್ನೂ ಮರೆತಿಲ್ಲ.

ನೀನೂ ಗಫೂರ್ ಭಾಯಿಯೂ ನಿಮ್ಮ ನರ್ಸರಿಯಿಂದ ಆರಿಸಿ ಕೊಟ್ಟ ಲಿಂಡನ್ ಚಿಗುರಿದೆ. ಎಲೆ ನೋಡಿದರೆ ಅರಳಿ ಎಲೆಯ ಬಾಲ ಕತ್ತರಿಸಿದ ಹಾಗಿದೆ. ನೆಡುವಾಗ ಮಧುಕರ ಹಿತ್ತಿಲಲ್ಲಿ ಹಾಕೋಣ ಎಂದಿದ್ದ. ನಾನು ಒಪ್ಪಲಿಲ್ಲ. ಹಿತ್ತಿಲಲ್ಲಿ ನೆರಳಿದ್ದರೆ ಅದು ನಮ್ಮೊಬ್ಬರದು, ಮನೆ ಮುಂದಿದ್ದರೆ ಬೀದಿಯದು. ಈ ಬೀದಿಯಲ್ಲಿ ಹೊಸ ಮನೆಗಳು ಎದ್ದಿವೆಯೇ ಹೊರತು ಮರ ಎನ್ನುವುದೊಂದಿಲ್ಲ. ಬಿಲ್ಡರು ನೆಟ್ಟುಹೋದ ಗಿಡಗಳು ನನ್ನ ಮೊಣಕಾಲಿಗೂ ಬರುವುದಿಲ್ಲ. ಮಧ್ಯಾಹ್ನದ ಮೇಲೆ ಪಶ್ಚಿಮದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಕಾರು ಬಂದಾಗ ಗ್ಯಾರೇಜು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಮನುಷ್ಯರ ಮುಖ ಕಾಣುವುದಿಲ್ಲ.

ಬಿಸಿಲಿಗೆ ತೊಗಟೆ ಸುಡುತ್ತದೆ, ಬಿಳಿ ಪೇಂಟಿಗೆ ನೀರು ಬೆರೆಸಿ ಕಾಂಡಕ್ಕೆ ಬಳಿ ಎಂದಿದ್ದೆಯಲ್ಲ, ಬಳಿದೆ. ಬರೀ ಬಿಳಿ ಕಣ್ಣಿಗೆ ಒಂದು ಥರ ಬೋಳು ಅನ್ನಿಸಿತು. ನಮ್ಮ ಕಡೆ ರಸ್ತೆ ಮರಗಳಿಗೆ ಸುಣ್ಣ ಹೊಡೆದು ಮೇಲೊಂದು ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಾರಲ್ಲ, ಹಾಗೆ ಒಂದು ಕೆಂಪು ಪಟ್ಟೆ ಎಳೆದೆ. ಮೂರನೇ ದಿನಕ್ಕೆ ಈ ಬಡಾವಣೆಯ ಅಸೋಸಿಯೇಷನ್ನಿನಿಂದ ನೋಟಿಸು ಬಂತು. ಒಪ್ಪಿಗೆಯಿಲ್ಲದ ಬಣ್ಣವಂತೆ. ಮಧುಕರನ ಮುಖ ಬಾಡಿಹೋಯಿತು. "ಅಮ್ಮಾ, ಇದು ನಮ್ಮೂರಲ್ಲ" ಎಂದ. ಊರು ಯಾರದಾದರೇನು, ಮರ ನನ್ನದು. ಪಟ್ಟೆ ಅಳಿಸಿಲ್ಲ.

ಈಗ ಇನ್ನೊಂದು ಕೆಲಸಕ್ಕೆ ಕೈ ಹಾಕಬೇಕೆಂದಿದ್ದೇನೆ. ಮರದ ಸುತ್ತ ಒಂದು ಕಟ್ಟೆ ಕಟ್ಟುತ್ತೇನೆ. ಕಟ್ಟೆಯಿಲ್ಲದ ನೆರಳಿನಲ್ಲಿ ಜನ ನಿಲ್ಲುತ್ತಾರೆ, ಕೂರುವುದಿಲ್ಲ.

ಇಂತು,
ವೆಂಕಟಮ್ಮ


ಮಾರ್ಗನ್ ಹಿಲ್
20 ಏಪ್ರಿಲ್ 1999

ವೆಂಕಟಮ್ಮನಿಗೆ ಸಲಾಂ.

ಕೆಂಪು ಪಟ್ಟೆಯ ಕಥೆ ಕೇಳಿ ಗಫೂರ್ ಚಹಾ ಚೆಲ್ಲಿಕೊಂಡರು. ಇರಲಿ ಬಿಡು, ಪಟ್ಟೆಯಿಂದ ಮರಕ್ಕೆ ತೊಂದರೆಯಿಲ್ಲ.

ಕಟ್ಟೆಯಿಂದ ಇದೆ. ದಯವಿಟ್ಟು ಕಟ್ಟಬೇಡ. ಕಟ್ಟೆ ಎಂದರೆ ಬುಡದ ಸುತ್ತ ಮಣ್ಣು ತುಂಬುತ್ತೀಯ. ಲಿಂಡನ್ನಿನ ಬೇರು ಹೊರಡುವ ಜಾಗ, ನಾವು ಅದನ್ನು ಕೊರಳು ಎನ್ನುತ್ತೇವೆ, ಅದು ನೆಲದ ಮೇಲೆ ಕಾಣುತ್ತಿರಬೇಕು. ಗಾಳಿ ಆಡಬೇಕು. ಅಲ್ಲಿ ಮಣ್ಣು ಏರಿಸಿ ನೀರು ಹಾಕಿದರೆ ತೊಗಟೆ ಕೊಳೆಯುತ್ತದೆ. ಒಂದೇ ದಿನಕ್ಕೆ ಸಾಯುವುದಿಲ್ಲ, ಅದೇ ಕಷ್ಟ. ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ. ನೆಟ್ಟವರು ನಾವೇ ಸರಿ ಎಂದುಕೊಳ್ಳುತ್ತಾರೆ.

ಇಲ್ಲಿ ಎಲ್ಲರಿಗೂ ಅವಸರ. ವಾರಕ್ಕೊಬ್ಬ ಬಿಲ್ಡರು ಬಂದು ನಾಳೆಯೇ ನೆರಳು ಕೊಡುವ ಮರ ಬೇಕು ಎನ್ನುತ್ತಾನೆ. ಕಂಪೆನಿಗಳು ಒಂದು ವರ್ಷದಲ್ಲಿ ಮುಗಿಲಿಗೇರುತ್ತವಂತೆ, ಮರವೂ ಏರಲಿ ಎಂದು ಅವರ ಆಸೆ. ನೀನೂ ಅವರ ಹಾಗೆ ಆತುರ ಮಾಡಬೇಡ. ಬುಡದಿಂದ ದೂರಕ್ಕೆ ನಾಲ್ಕು ಕುರ್ಚಿ ಹಾಕಿಕೊಂಡು ಕೂರು.

ನಿನ್ನ
ಮಹಮೂದಾ


ಡಬ್ಲಿನ್
27 ಜೂನ್ 1999

ಮಹಮೂದಾ,

ನಿನ್ನ ಮಾತು ಕೇಳಲಿಲ್ಲ. ಕಟ್ಟೆ ಕಟ್ಟಿದೆ.

ಕೋಪ ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ಮಂಡ್ಯದ ಬಸ್ ಸ್ಟ್ಯಾಂಡಿನ ಹತ್ತಿರದ ಅರಳಿಕಟ್ಟೆಯ ಮೇಲೆ ನಾವಿಬ್ಬರೂ ಎಷ್ಟು ವರ್ಷ ಬಸ್ಸಿಗೆ ಕಾದಿದ್ದೇವೆ. ನಮ್ಮ ತಾತನ ಕಾಲದಿಂದ ಆ ಮರ ಕಟ್ಟೆಯೊಳಗೇ ಇದೆ, ಕೊರಳು ಕಾಣಿಸುತ್ತಿಲ್ಲ ಎಂದು ಅದು ಯಾವತ್ತೂ ದೂರಲಿಲ್ಲ. ನೀನು ಇಪ್ಪತ್ತು ವರ್ಷ ಇಲ್ಲಿದ್ದು ಇಲ್ಲಿಯ ಪುಸ್ತಕ ಓದಿ ಹೆದರುತ್ತಿದ್ದೀಯ ಎಂದು ನನಗನ್ನಿಸುತ್ತದೆ. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಸೊಸೆ ನವ್ಯಾ ಕಾರಿನಲ್ಲಿ ಇಟ್ಟಿಗೆ ತಂದುಕೊಟ್ಟಳು. ಮೊಮ್ಮಗಳು ನಿಸರ್ಗಾ ಮಣ್ಣು ಹೊತ್ತಳು. ಗಾರೆ ಹಾಕಲಿಲ್ಲ, ಇಟ್ಟಿಗೆ ಮೇಲೆ ಇಟ್ಟಿಗೆ ಕೂರಿಸಿ ಒಳಗೆ ಒಳ್ಳೆಯ ಗೊಬ್ಬರದ ಮಣ್ಣು ತುಂಬಿಸಿದೆವು. ದಿನಾ ಸಂಜೆ ನೀರು ಹಾಕುತ್ತೇನೆ. ನೆರಳು ಇನ್ನೂ ಚಾಪೆಯಷ್ಟಗಲ ಮಾತ್ರ, ಆದರೂ ಕಟ್ಟೆ ಕಟ್ಟಿದ ವಾರದೊಳಗೆ ಜನ ಬಂದರು. ಮೂಲೆಮನೆಯ ಚೀನಾ ಅಜ್ಜಿ ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಾಳೆ. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು, ಆದರೂ ನಮ್ಮ ಮಾತು ಮುಗಿಯುವುದಿಲ್ಲ. ಎದುರುಮನೆಯ ಪಂಜಾಬಿ ತಾತ ಪೇಪರ್ ತರುತ್ತಾರೆ. ಟಪಾಲು ಕೊಡುವ ಹೆಂಗಸು ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾಳೆ. ಮೊನ್ನೆ ಅವಳಿಗೆ ಚಿತ್ರಾನ್ನ ಕೊಟ್ಟೆ.

ಎರಡನೇ ನೋಟಿಸು ಬಂದಿದೆ. ಮನೆ ಮುಂದೆ ಒಪ್ಪಿಗೆಯಿಲ್ಲದೆ ಕಟ್ಟಡ ಕಟ್ಟಿದ್ದೇವಂತೆ, ಕೆಡವಬೇಕಂತೆ. ಮಧುಕರ ಊಟ ಬಿಟ್ಟು ಕೂತಿದ್ದ. ನಾನು ಬಡಿಸಿಕೊಂಡು ಉಂಡೆ.

ಇಂತು,
ವೆಂಕಟಮ್ಮ


ಡಬ್ಲಿನ್
3 ಅಕ್ಟೋಬರ್ 1999

ಮಹಮೂದಾ,

ನಿನ್ನಿಂದ ಒಂದು ಸಾಲೂ ಇಲ್ಲ. ಮುನಿಸಿದ್ದರೆ ಮುನಿಸಿಕೋ, ಸುದ್ದಿ ಮಾತ್ರ ಕೇಳು. ಗೆದ್ದೆ.

ಅಸೋಸಿಯೇಷನ್ ಮೀಟಿಂಗಿಗೆ ನಾನೇ ಹೋದೆ. ಮಧುಕರ ಬೇಡ ಎಂದ, ನವ್ಯಾ ಕಾರು ತೆಗೆದಳು. ಅಧ್ಯಕ್ಷರು ರಿಟೈರಾದ ಮನುಷ್ಯ. ಒಳ್ಳೆಯ ಇಸ್ತ್ರಿ ಅಂಗಿ, ಒಳ್ಳೆಯ ನಗು. ದಿನಾ ನಾಯಿ ಹಿಡಿದುಕೊಂಡು ನಮ್ಮ ಮನೆ ಮುಂದೆಯೇ ವಾಕಿಂಗ್ ಹೋಗುತ್ತಾರೆ, ಕಟ್ಟೆಯ ಮೇಲಿರುವವರ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮ ಕಟ್ಟೆಯಿಂದ ಬೀದಿಯ ಅಂದ ಕೆಡುತ್ತದೆ, ಮನೆಗಳ ಬೆಲೆ ಇಳಿಯುತ್ತದೆ ಎಂದು ಮೃದುವಾಗಿ ವಿವರಿಸಿದರು. ನಾನು ಎದ್ದು ನಿಂತು ಕನ್ನಡದಲ್ಲೇ ಹೇಳಿದೆ. "ಸಾಯಂಕಾಲದ ಬಿಸಿಲಲ್ಲಿ ಈ ಬೀದೀಲಿ ಒಬ್ಬ ಮನುಷ್ಯ ಕೂತ್ಕೊಳ್ಳೋಕೆ ಇನ್ನೊಂದು ಜಾಗ ತೋರಿಸಿ. ತೋರಿಸಿದ್ರೆ ನಾಳೆ ನಾನೇ ಕಿತ್ತುಹಾಕ್ತೀನಿ." ನಿಸರ್ಗಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ ಎಂದು ಬೈಯುತ್ತಿದ್ದೆನಲ್ಲ, ಅವತ್ತು ಅದೇ ಉಪಯೋಗಕ್ಕೆ ಬಂತು.

ಯಾರೂ ಜಾಗ ತೋರಿಸಲಿಲ್ಲ. ಕಟ್ಟೆ ಇರಲಿ ಎಂದು ಚೀನಾ ಅಜ್ಜಿಯ ಮಗ ಮೊದಲು ಕೈ ಎತ್ತಿದ, ಆಮೇಲೆ ಪಂಜಾಬಿ ತಾತನ ಸೊಸೆ. ಒಂದು ಕೈ ಹೆಚ್ಚಾಗಿ ಕಟ್ಟೆ ಉಳಿಯಿತು. ಮರವೂ ನಿನ್ನ ಪುಸ್ತಕಕ್ಕೆ ಸೊಪ್ಪು ಹಾಕಿಲ್ಲ. ಈ ವರ್ಷ ಒಂದು ಮೊಳ ಬೆಳೆದಿದೆ. ಬಂದು ನೋಡು.

ನಿನ್ನ
ವೆಂಕಟಮ್ಮ


ಮಾರ್ಗನ್ ಹಿಲ್
18 ಜೂನ್ 2000

ವೆಂಕಟಮ್ಮ,

ಮೊನ್ನೆ ನಿನ್ನ ಪಕ್ಕದೂರು ಪ್ಲೆಸೆಂಟನ್‌ಗೆ ಮರ ಇಳಿಸಲು ಬಂದವರು ನಿನ್ನ ಮನೆಗೂ ಬಂದೆವು. ನಿನ್ನ ಉಪ್ಪಿಟ್ಟಿನ ರುಚಿ ಇನ್ನೂ ಬಾಯಲ್ಲಿದೆ. ಕಟ್ಟೆ ತುಂಬ ಜನ ಕೂತಿದ್ದರು. ಈ ದೇಶಕ್ಕೆ ಬಂದ ಮೇಲೆ ಒಂದು ಬೀದಿಯಲ್ಲಿ ಅಷ್ಟು ಮುದುಕರು ಒಟ್ಟಿಗೆ ಕೂತು ನಗುವುದನ್ನು ನಾನು ಕಂಡಿರಲಿಲ್ಲ. ನನಗೂ ಸಂತೋಷವಾಯಿತು. ಅದಕ್ಕೇ ಎಲ್ಲರ ಮುಂದೆ ಬಾಯಿ ಬಿಡಲಿಲ್ಲ.

ಮರ ಸಾಯುತ್ತಿದೆ.

ತುದಿಯ ಎಲೆಗಳು ಚಿಕ್ಕವಾಗಿವೆ, ಜೂನ್ ತಿಂಗಳಿಗೇ ಹಳದಿ ತಿರುಗಿವೆ. ನೆತ್ತಿಯಲ್ಲಿ ಆಕಾಶ ಕಾಣುತ್ತದೆ. ಹೂ ಎಷ್ಟು ಬಿಟ್ಟಿದೆ ನೋಡು ಎಂದು ನೀನು ಹೆಮ್ಮೆಯಿಂದ ತೋರಿಸಿದೆ. ವೆಂಕಟಮ್ಮ, ಸಂಕಟಕ್ಕೆ ಸಿಕ್ಕಿದ ಮರವೂ ಹಾಗೆ ಮೈತುಂಬ ಹೂ ಬಿಡುತ್ತದೆ. ಅರಳಿಯ ವಿಷಯ ಬೇರೆ. ಅದು ಗೋಡೆಯ ಬಿರುಕಿನಲ್ಲೂ ಬೇರು ಬಿಟ್ಟು ಬದುಕುತ್ತದೆ. ಎಲೆ ಒಂದೇ ಥರ ಇದೆ ಎಂದು ಸ್ವಭಾವವೂ ಒಂದೇ ಎಂದುಕೊಂಡೆ ನೀನು. ಇದು ಪುಸ್ತಕದ ಮಾತಲ್ಲ, ಇಪ್ಪತ್ತು ವರ್ಷ ನಾನೇ ನೆಟ್ಟು, ಒಂದಷ್ಟನ್ನು ನಾನೇ ಕೊಂದು ಕಲಿತದ್ದು.

ಈ ವಾರವೇ ಕಟ್ಟೆ ಬಿಚ್ಚು. ಒಳಗಿನ ಮಣ್ಣನ್ನೆಲ್ಲ ಕೈಯಿಂದ ತೆಗೆ, ಗುದ್ದಲಿ ತಾಗಿಸಬೇಡ. ಇನ್ನೂ ತಡವಾಗಿಲ್ಲ ಎಂದುಕೊಂಡಿದ್ದೇನೆ.

ಮಹಮೂದಾ


ಡಬ್ಲಿನ್
7 ಆಗಸ್ಟ್ 2000

ಮಹಮೂದಾ,

ನಿನ್ನ ಕಾಗದ ಬಂದ ಮೇಲೆ ಹಲವು ದಿನ ನನಗೆ ಅನ್ನ ಸೇರಲಿಲ್ಲ. ನೀನು ಹೇಳಿದ್ದು ನಿಜ ಎಂದು ಮರ ನೋಡಿದರೇ ತಿಳಿಯುತ್ತಿತ್ತು. ಆದರೆ ಆ ಕಟ್ಟೆ ನಾನು ಹೋರಾಡಿ ಉಳಿಸಿದ್ದು. ಅದನ್ನು ನಾನೇ ಕೆಡವಿದರೆ ಬೀದಿ ಏನೆಂದುಕೊಳ್ಳುತ್ತದೆ? ಹೀಗೇ ಜುಲೈ ಕಳೆಯಿತು.

ಹೋದ ಶನಿವಾರ ಕೊನೆಗೂ ಮನಸ್ಸು ಗಟ್ಟಿ ಮಾಡಿ ಕೂತೆ. ಅರ್ಧ ಸುತ್ತಿನ ಇಟ್ಟಿಗೆ ತೆಗೆದಿದ್ದೆ, ನಿಸರ್ಗಾ ಬಕೆಟ್ಟಿಗೆ ಮಣ್ಣು ತುಂಬುತ್ತಿದ್ದಳು. ಅಷ್ಟರಲ್ಲಿ ಅಧ್ಯಕ್ಷರು ನಾಯಿಯ ಸಮೇತ ಬಂದರು. ಇಷ್ಟು ದಿನದಲ್ಲಿ ಮೊದಲ ಸಲ ನಿಂತರು. ನನ್ನ ಕಡೆ ನೋಡಿ ತಲೆಬಾಗಿ ಏನೋ ಹೇಳಿದರು. ಏನಂತೆ ಎಂದು ಕೇಳಿದೆ. ನಿಸರ್ಗಾ ನೆಲ ನೋಡುತ್ತ, ಅಪರೂಪಕ್ಕೆ ಕನ್ನಡದಲ್ಲೇ, "ಅಜ್ಜಿ, ಥ್ಯಾಂಕ್ಸ್ ಅಂತೆ. ನೀವು ಕೊನೆಗೂ ರೂಲ್ಸ್ ಒಪ್ಪಿಕೊಂಡ್ರಲ್ಲ, ಅದಕ್ಕೆ" ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಅವರು ನೋಡುತ್ತಿದ್ದ ಹಾಗೆಯೇ ಒಂದೊಂದೇ ಇಟ್ಟಿಗೆ ತಂದು ಮತ್ತೆ ಅದರದರ ಜಾಗಕ್ಕೆ ಕೂರಿಸಿದೆ. ಬಕೆಟ್ಟಿನ ಮಣ್ಣನ್ನೂ ಸುರಿದೆ. ಅವರ ನಗು ಮಾಯವಾಗುವವರೆಗೂ ನಿಲ್ಲಿಸಲಿಲ್ಲ. ಪಂಜಾಬಿ ತಾತ ಚಪ್ಪಾಳೆ ತಟ್ಟಿದರು. ಮಹಮೂದಾ, ಆ ಚಪ್ಪಾಳೆ ಹಿತವಾಗಿತ್ತು. ಸ್ವಲ್ಪ ದಿನ ಹೋಗಲಿ, ಅವರು ಊರಲ್ಲಿಲ್ಲದಾಗ ತೆಗೆದರಾಯಿತು.

ವೆಂಕಟಮ್ಮ


ಮಾರ್ಗನ್ ಹಿಲ್
12 ಆಗಸ್ಟ್ 2000

ವೆಂಕಟಮ್ಮ,

ನಾಯಿ ಹಿಡಿದುಕೊಂಡು ಹೋಗುವವನೊಬ್ಬನನ್ನು ಗೆಲ್ಲಲು ನೀನು ಮರದ ಕತ್ತು ಹಿಸುಕಿದೆ. ಅವನಿಗೆ ಏನೂ ಆಗಲಿಲ್ಲ. ಮನೆಗೆ ಹೋಗಿ ಊಟ ಮಾಡಿರುತ್ತಾನೆ.

ಹಟ ನನಗೆ ಹೊಸದಲ್ಲ. ಮಂಡ್ಯದಲ್ಲಿ ಹೆಡ್‌ಮಾಸ್ಟರು ಹೆಣ್ಣುಮಕ್ಕಳ ಆಟದ ಪೀರಿಯಡ್ ತೆಗೆದಾಗ ನಿನ್ನ ಪಕ್ಕ ನಾನೂ ನಿಂತಿದ್ದೆ. ಅವತ್ತು ನಾವು ಹಟ ಹಿಡಿದದ್ದು ಮಕ್ಕಳಿಗಾಗಿ. ಇವತ್ತು ನೀನು ಯಾರಿಗಾಗಿ ಹಿಡಿದಿದ್ದೀಯ ಎಂದು ಯೋಚಿಸು.

ಆ ಮರವನ್ನು ಕೈಬೆರಳಿನಷ್ಟಿದ್ದಾಗಿನಿಂದ ಬೆಳೆಸಿದವಳು ನಾನು. ಅದರ ಬುಡ ಬಿಡುಗಡೆಯಾಗುವವರೆಗೆ ನನಗೆ ಬರೆಯಬೇಡ.

ಮಹಮೂದಾ


ಡಬ್ಲಿನ್
22 ಅಕ್ಟೋಬರ್ 2000

ಮಹಮೂದಾ,

ಬರೆಯುವ ಹಕ್ಕು ಬಂದಿದೆ ಎಂದು ಬರೆಯುತ್ತಿದ್ದೇನೆ. ಕಟ್ಟೆ ಈಗ ಇಲ್ಲ.

ನಿನ್ನ ಕಾಗದ ಓದಿ ಹರಿದುಹಾಕಿದ್ದೆ. ಕೋಪದಲ್ಲಿ ನಿನ್ನನ್ನು ಏನೇನೋ ಅಂದುಕೊಂಡೆ. ಸೆಪ್ಟೆಂಬರ್ ಬರುವಷ್ಟರಲ್ಲಿ ಮರ ಅರ್ಧಕ್ಕರ್ಧ ಎಲೆ ಉದುರಿಸಿತು. ಒಂದು ಸಂಜೆ ಚೀನಾ ಅಜ್ಜಿ ಎಂದಿನಂತೆ ಬಂದು ಕಟ್ಟೆಯ ಮೇಲೆ ಕೂತಳು. ಚೀಲದಿಂದ ಛತ್ರಿ ತೆಗೆದು ಬಿಚ್ಚಿ ಮಗುವಿನ ಮೇಲೆ ಹಿಡಿದಳು. ನನಗೆ ಬೇಜಾರಾಗಬಾರದೆಂದು ನನ್ನ ಕಡೆ ನೋಡಿ ನಕ್ಕಳು. ನನ್ನ ಮರದ ಕೆಳಗೆ ಕೂತು ಅವಳು ಮಗುವಿಗೆ ಛತ್ರಿ ಹಿಡಿಯಬೇಕಾಯಿತು. ನನಗೆ ಅಳು ತಡೆಯಲಾಗಲಿಲ್ಲ.

ಅಲ್ಲೇ ಅವಳನ್ನು ಎಬ್ಬಿಸಿ ಇಟ್ಟಿಗೆ ಕಿತ್ತೆ. ಅವಳೂ ಕಿತ್ತಳು, ಸದ್ದು ಕೇಳಿ ನಿಸರ್ಗಾಳೂ ಬಂದಳು. ಕತ್ತಲಾಗಲಿ ಎಂದು ಕಾಯಲಿಲ್ಲ, ಅಧ್ಯಕ್ಷರು ಬರುವ ಹೊತ್ತು ಎಂದು ಗೊತ್ತಿದ್ದೂ ಬೇಕೆಂದೇ ಕಿತ್ತೆ. ಅವರು ಬಂದರು, ಈ ಸಲ ನಿಲ್ಲದೆ ದಾಟಿ ಹೋಗುತ್ತಿದ್ದರು. ನಾನೇ ನಿಲ್ಲಿಸಿದೆ. "ಇದು ನಿಮಗೋಸ್ಕರ ಅಲ್ಲ. ನಿಮ್ಮನ್ನ ಗೆಲ್ಲೋಕೆ ಹೋಗಿ ಇದನ್ನ ಸಾಯಿಸ್ತಾ ಇದ್ದೆ. ನಿಮಗೆ ಸಂತೋಷ ಆಗೋದಾದ್ರೆ ಆಗ್ಲಿ, ನನಗೇನೂ ಇಲ್ಲ." ನಿಸರ್ಗಾ ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಅವರು ನಾಯಿಯನ್ನು ಎಳೆದುಕೊಂಡು ಮುಂದೆ ಹೋದರು.

ಮಣ್ಣನ್ನು ಕೈಯಲ್ಲೇ ತೆಗೆದೆ. ಕೊರಳಿನ ಸುತ್ತ ತೊಗಟೆ ಕಪ್ಪಾಗಿತ್ತು, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಕೆಟ್ಟ ವಾಸನೆ. ಮೇಲಿನ ಹೊಸ ಮಣ್ಣಿಗೆ ಆಸೆಪಟ್ಟು ಬಂದ ಸಣ್ಣ ಬೇರುಗಳು ಕಾಂಡವನ್ನೇ ಸುತ್ತಿಕೊಂಡಿದ್ದವು. ಈಗ ದೂರಕ್ಕೆ ಕುರ್ಚಿಗಳನ್ನು ಹಾಕಿದ್ದೇವೆ, ನೀನು ಮೊದಲೇ ಹೇಳಿದ ಹಾಗೆ. ಕುರ್ಚಿ ಹಾಕುವುದಕ್ಕೂ ಒಪ್ಪಿಗೆ ಕೇಳಿಲ್ಲ.

ಇನ್ನೇನು ಮಾಡಬೇಕು ಹೇಳು.

ವೆಂಕಟಮ್ಮ


ಮಾರ್ಗನ್ ಹಿಲ್
3 ನವೆಂಬರ್ 2000

ವೆಂಕಟಮ್ಮನಿಗೆ ಸಲಾಂ, ಪ್ರೀತಿ.

ಈಗ ಏನೂ ಮಾಡಬೇಡ. ಗೊಬ್ಬರ ಬೇಡ, ನೀರು ಬೇಡ. ನಿನಗೆ ಅದೇ ಎಲ್ಲಕ್ಕಿಂತ ಕಷ್ಟ ಎಂದು ಗೊತ್ತು. ಚಳಿಗಾಲದಲ್ಲಿ ಬದುಕಿದ ಮರವೂ ಸತ್ತ ಮರವೂ ಒಂದೇ ಥರ ಕಾಣುತ್ತವೆ. ಏಪ್ರಿಲ್ ಕಳೆಯಲಿ. ಆಗಲೂ ಚಿಗುರದಿದ್ದರೆ ಉಗುರಿನಿಂದ ಕೊಂಬೆಯ ಸಿಪ್ಪೆ ಕೆರೆದು ನೋಡು. ಹಸಿರಿದ್ದರೆ ಜೀವ ಇದೆ.

ಸುಳ್ಳು ಧೈರ್ಯ ಹೇಳುವುದಿಲ್ಲ. ನೀನು ಬರೆದದ್ದು ಓದಿದರೆ ಹೆಚ್ಚು ಆಸೆಯಿಲ್ಲ. ಹೋದರೆ ಇನ್ನೊಂದು ಕೊಡುತ್ತೇನೆ, ನಿನಗಾಗಿ ಎತ್ತಿಟ್ಟಿದ್ದೇನೆ.

ಕಾಗದ ಹರಿದುಹಾಕಿದೆ ಎಂದೆಯಲ್ಲ, ಒಳ್ಳೆಯದಾಯಿತು. ಅಂಚೆಗೆ ಹಾಕಿ ಬಂದ ಮೇಲೆ ನನಗೂ ನಿದ್ದೆ ಬಂದಿರಲಿಲ್ಲ.

ನಿನ್ನ
ಮಹಮೂದಾ


ಡಬ್ಲಿನ್
13 ಮೇ 2001

ಮಹಮೂದಾ,

ಏಪ್ರಿಲ್ ಕಳೆಯಿತು. ಉಗುರಿನಿಂದ ಕೆರೆದೆ. ಈ ಕೊಂಬೆ, ಆ ಕೊಂಬೆ, ಕೊನೆಗೆ ಕಾಂಡ. ಎಲ್ಲೂ ಹಸಿರಿಲ್ಲ. ನನ್ನ ಕೈಯಾರೆ ಕೊಂದೆ. ನೀನು ಎರಡು ಸಲ ಹೇಳಿದ್ದೆ.

ಅಸೋಸಿಯೇಷನ್ನಿನಿಂದ ಮೂರನೇ ನೋಟಿಸು ಬಂತು. ಸತ್ತ ಮರವನ್ನು ಬುಡಸಮೇತ ತೆಗೆಸಿ, ಅವರು ಒಪ್ಪಿದ ಗಿಡವೊಂದನ್ನು ನೆಡಬೇಕಂತೆ. ಮಧುಕರನ ಕಂಪೆನಿ ಮಾರ್ಚಿನಲ್ಲಿ ಮುಚ್ಚಿತು. ಮೊದಲೆಲ್ಲ ಹಗಲು ಮನೆಯಲ್ಲಿ ಕಾಣದ ಮಗ ಈಗ ಮಧ್ಯಾಹ್ನವೆಲ್ಲ ಆ ಒಣಮರದ ಹತ್ತಿರ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದ. ಪಂಜಾಬಿ ತಾತ ಅವನಿಗೆ ಪೇಪರಿನ ಒಂದು ಹಾಳೆ ಕೊಡುತ್ತಿದ್ದರು.

ಹೋದ ವಾರ ಮರ ಕಡಿಯುವವನು ಗರಗಸ ತಂದ. ಮರ ಬಿತ್ತು. ನಾನು ಒಳಗೆ ಹೋಗಲಿಲ್ಲ, ನಿಂತು ನೋಡಿದೆ. ಬೊಡ್ಡೆ ಕೀಳಲು ಅವನು ಮೆಷಿನ್ನು ಇಳಿಸುವಾಗ ಮಧುಕರ ಓಡಿ ಅಡ್ಡ ನಿಂತ. "ಅಮ್ಮಾ, ಬಾ ಇಲ್ಲಿ" ಎಂದ. ಬುಡದಲ್ಲಿ, ಕೊಳೆಯದೆ ಉಳಿದ ಒಂದು ಬದಿಯಿಂದ, ಗೇಣುದ್ದದ ಚಿಗುರುಗಳು ಎದ್ದಿದ್ದವು. ಎಲೆಯ ಆಕಾರ ಅದೇ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೆಷಿನ್ನು ವಾಪಸು ಹೋಯಿತು.

ನೀನು ಏನು ಹೇಳುತ್ತೀಯ ನನಗೆ ಗೊತ್ತು. ಅದು ನೀವು ಮೇಲೆ ಕಸಿ ಕಟ್ಟಿದ ಜಾತಿಯಲ್ಲ, ಕಸಿಗೆ ಆಧಾರವಾಗಿದ್ದ ಕೆಳಗಿನ ಕಾಡುಬೇರಿನದು, ನರ್ಸರಿಯಲ್ಲಿ ಹೆಸರೂ ಬರೆಯುವುದಿಲ್ಲ, ಕಂಡ ತಕ್ಷಣ ಕತ್ತರಿಸಿ ಎಸೆಯುತ್ತೀರಿ. ಕತ್ತರಿಸಿದೆ. ಗಟ್ಟಿಯಾದದ್ದೊಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಕತ್ತರಿಸಿದೆ. ನೀನು ಎತ್ತಿಟ್ಟ ಮರವನ್ನು ಬೇರೆಯವರಿಗೆ ಕೊಡು. ನನಗೆ ಇದೇ ಬೇಕು.

ನೋಟಿಸಿಗೆ ಮಧುಕರನೇ ಉತ್ತರ ಬರೆದ. ನಾನು ಹೇಳಿಕೊಡಲಿಲ್ಲ. ಮರ ಸತ್ತಿಲ್ಲ, ಬುಡ ತೆಗೆಯುವುದಿಲ್ಲ ಎಂದು ಎರಡೇ ಸಾಲು ಬರೆದು ಕೆಳಗೆ ಸಹಿ ಹಾಕಿದ.

ಸಂಜೆ ಬಿಸಿಲಿಗೆ ಎಳೆ ಚಿಗುರು ಬಾಡುತ್ತದೆ. ಅದಕ್ಕೆ ಎಲ್ಲರೂ ಛತ್ರಿ ಬಿಚ್ಚಿಕೊಂಡು ಪಶ್ಚಿಮದ ಕಡೆಗೆ ಕುರ್ಚಿ ಹಾಕಿ ಕೂರುತ್ತೇವೆ. ಸದ್ಯಕ್ಕೆ ನಾವೇ ಅದಕ್ಕೆ ನೆರಳು. ನಿನ್ನೆ ಅಧ್ಯಕ್ಷರು ಬಂದು ನಿಂತರು. ಸಿಟ್ಟಿನಿಂದಲ್ಲ, ಕನಿಕರದಿಂದಲೇ ನಿಸರ್ಗಾಳನ್ನು ಕೇಳಿದರು. ಇದು ಒಬ್ಬರಿಗೆ ನೆರಳಾಗಲು ಇನ್ನು ಹದಿನೈದು ವರ್ಷವಾದರೂ ಬೇಕು, ನಿಮ್ಮ ಅಜ್ಜಿಗೆ ಗೊತ್ತೇ ಎಂದು.

"ಗೊತ್ತು ಅಂತ ಹೇಳು" ಎಂದೆ. "ಅಲ್ಲೀವರೆಗೂ ನಾನು ಇಲ್ಲೇ ಕೂತಿರ್ತೀನಿ ಅಂತಾನೂ ಹೇಳು."

ನಿನ್ನ
ವೆಂಕಟಮ್ಮ